ಬೆನ್ನು ನನ್ನದು, ವಿವರಣೆ ಭಾವಮೈದುನನಿಗೆ

ನಮ್ಮಲ್ಲಿ ಒಂದು ದರಿದ್ರ ಪದ್ಧತಿಯಿದೆ. ಕಾಯಿಲೆಯ ವಿಷಯವನ್ನು ಮನೆಮಂದಿಗೆಲ್ಲ ತಿಳಿಸಬೇಕು, ಮಲಗಿರುವವನಿಗೆ ಮಾತ್ರ ತಿಳಿಸಬಾರದು. ಅವನು ಹೆದರಿಕೊಳ್ಳುತ್ತಾನಂತೆ! ಇದನ್ನು ಕಂಡುಹಿಡಿದ ಮಹಾನುಭಾವ ಕೈಗೆ ಸಿಕ್ಕಿದ್ದರೆ ನಾಲ್ಕು ಬಾರಿಸುತ್ತಿದ್ದೆ. ಆದರೆ ಆಗ ನನ್ನ ಮಗ್ಗುಲು ಬದಲಿಸಲೂ ಇನ್ನೊಬ್ಬರು ಬೇಕಾಗಿತ್ತು.

ಟೀವಿಯಿದ್ದ ಮನೆಗೆ ಬೀದಿಯವರೆಲ್ಲ ಬಂದು ಕೂರುತ್ತಿದ್ದ ಕಾಲ. ವಿಜಯನಗರದ ನಮ್ಮ ಮನೆಗೂ ಒಂದು ಬಂದಿತ್ತು. ನಾನು ತಾರಸಿಯ ಮೇಲೆ ಆಂಟೆನಾ ತಿರುಗಿಸುತ್ತಿದ್ದೆ. ನನ್ನ ಹೆಂಡತಿಯ ತಮ್ಮ ರಮೇಶ ಕೆಳಗೆ ಟೀವಿ ಮುಂದೆ ಕೂತು, "ಭಾವ, ಇನ್ನೊಂಚೂರು ಆ ಕಡೆ" ಎಂದು ಕಿಟಕಿಯಿಂದ ಕೂಗುತ್ತಿದ್ದ. ಆ ಕಡೆ ಸರಿದೆ. ಆ ಕಡೆ ತಾರಸಿ ಮುಗಿದಿತ್ತು. "ಚಿತ್ರ ಬಂತು, ಅಲ್ಲೇ ಇರಿ ಭಾವ!" ಎಂದು ಅವನು ಕೂಗಿದ್ದು ಬೀಳುವಾಗ ಸ್ಪಷ್ಟವಾಗಿಯೇ ಕೇಳಿಸಿತು.

ಬೆನ್ನುಮೂಳೆ ಮುರಿದಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು ದಿನವೂ ಬಾಗಿಲ ಹತ್ತಿರ ನಿಂತು, ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, ನನ್ನನ್ನು ಬೀಳಿಸಿದ ಇದೇ ರಮೇಶನಿಗೆ ಪಿಸುಮಾತಿನಲ್ಲಿ ವಿವರಿಸುತ್ತಿದ್ದರು. "ಏನಂತೋ?" ಎಂದರೆ, "ಏನಿಲ್ಲ ಭಾವ, ಎಳನೀರು ಕುಡೀರಿ" ಎನ್ನುತ್ತಿದ್ದ. ಹೆಂಡತಿ ಸೆರಗಿನಲ್ಲಿ ಮೂಗು ಒರೆಸಿಕೊಳ್ಳುತ್ತಿದ್ದಳು. ಬಾಪೂಜಿ ನಗರದಿಂದ ನೋಡಲು ಬಂದ ಚಿಕ್ಕಮ್ಮನಿಗೂ ಎಲ್ಲ ಗೊತ್ತಿತ್ತು. ನಾನು ಮತ್ತೆ ನಡೆಯುತ್ತೇನೋ ಇಲ್ಲವೋ ಎಂಬುದು ಊರಿಗೆಲ್ಲ ಗೊತ್ತು, ಕಾಲಿನ ಮಾಲೀಕನಿಗೆ ಗೊತ್ತಿಲ್ಲ! ನನಗೆ ಮೈಯೆಲ್ಲ ಉರಿದುಹೋಯಿತು.

ಒಂದು ಬೆಳಿಗ್ಗೆ ವಾರ್ಡು ನಡುಗುವಂತೆ ಕಿರುಚಿದೆ. "ಡಾಕ್ಟ್ರೇ, ಮುರಿದಿರೋದು ನನ್ ಬೆನ್ನು! ನನಗ್ ಹೇಳ್ರೀ!"

ಡಾಕ್ಟರು ಕೋಪಿಸಿಕೊಳ್ಳಲಿಲ್ಲ. ಸ್ಟೂಲ್ ಎಳೆದುಕೊಂಡು ಕೂತೇಬಿಟ್ಟರು. "ಬೆನ್ನನ್ನ ಇಷ್ಟುದ್ದ ಕೊಯ್ದು, ಮೂಳೆಗೆ ಉಕ್ಕಿನ ಕಂಬಿ ಕೂರಿಸ್ತೀವಿ. ನೋವಿರುತ್ತೆ. ಬಹುಶಃ ನಡೀತೀರಿ. ನರಕ್ಕೆ ಪೆಟ್ಟಾದ್ರೆ ಕಷ್ಟ. ಆಪರೇಷನ್ ಬೇಡ ಅಂದ್ರೆ ಮೈಗೆ ಪ್ಲಾಸ್ಟರ್ ಹಾಕಿ ತಿಂಗಳುಗಟ್ಟಲೆ ಮಲಗಿಸ್ತೀವಿ. ಬೆನ್ನು ಗೂನಾಗಬಹುದು."

"ಸಣ್ಣದೊಂದು ತೂತು ಮಾಡಿ ಸರಿ ಮಾಡೋಕಾಗಲ್ವಾ?"

"ಅಂಥ ಕಾಲ ಬಂದಾಗ ಹೇಳಿ ಕಳಿಸ್ತೀನಿ. ಈಗ ಎರಡರಲ್ಲಿ ಯಾವ್ದು ಮಾಡೋಣ? ನೀವೇ ಹೇಳಿ."

ಕೇಳಿದ ಹಕ್ಕು ಕೈಗೆ ಬಂದಿತ್ತು. ಇಡೀ ವಾರ್ಡು ನನ್ನ ಬಾಯನ್ನೇ ನೋಡುತ್ತಿತ್ತು. ಎಳನೀರು ಹಿಡಿದು ಮಂಚದ ಕಾಲ ಬಳಿ ನಿಂತಿದ್ದವನತ್ತ ಕಣ್ಣು ತಾನಾಗಿ ಹೊರಳಿತು.

"ರಮೇಶ," ಎಂದೆ, "ನೀನೇ ಹೇಳೋ, ಯಾವ ಕಡೆ?"