ನಿಂಗಣ್ಣನ ಕಾರು ಹೋಟೆಲಾದ ವಿವರ

2003ನೇ ಇಸವಿಯ ಮಾರ್ಚ್ ತಿಂಗಳಲ್ಲಿ ಹಲಸೂರಿನ ಪರ್ಯಾಯ ಇಂಧನ ಉತ್ತೇಜನ ಕೋಶವು ಒಂದು ಡೀಸೆಲ್ ಕಾರನ್ನು ಹೋಟೆಲು ಎಂದು ಘೋಷಿಸಿತು. ಇದರಲ್ಲಿ ಯಾರ ತಪ್ಪೂ ಇರಲಿಲ್ಲ. ಎಲ್ಲವೂ ನಿಯಮದ ಪ್ರಕಾರವೇ ನಡೆಯಿತು.

ಕಾರು ನಿಂಗಣ್ಣನದು. ಶಹಾಪುರದ ಕಡೆಯಿಂದ ಬಂದು, ಹೊಸ ತಿಪ್ಪಸಂದ್ರದ ಒಂದು ಬಾಡಿಗೆ ಕೋಣೆಯಲ್ಲಿ ಹೆಂಡತಿ ಪೀರಮ್ಮನೊಂದಿಗಿದ್ದ ಅವನು ಹಳೇ ಡೀಸೆಲ್ ಅಂಬಾಸಿಡರನ್ನು ಟ್ಯಾಕ್ಸಿಯಾಗಿ ಓಡಿಸುತ್ತಿದ್ದ. ಡೀಸೆಲ್ ಬೆಲೆ ಏರಿದಾಗ, ಶಿವಾಜಿನಗರದಲ್ಲಿ ಬೋಂಡಾ ಅಂಗಡಿ ಇಟ್ಟಿದ್ದ ಇಮಾಮ್ ಬೀಯಿಂದ ಕರಿದುಳಿದ ಎಣ್ಣೆ ತಂದು, ಹಳೇ ಪಂಚೆಯಲ್ಲಿ ಸೋಸಿ, ನಾಲ್ಕು ದಿನ ತಿಳಿಯಾಗಲು ಬಿಟ್ಟು, ಡಿಕ್ಕಿಯಲ್ಲಿ ಇನ್ನೊಂದು ಟ್ಯಾಂಕು ಕೂರಿಸಿ ಅದಕ್ಕೆ ತುಂಬಿದ. ಗಾಡಿ ಶುರುವಾಗುವುದು ಡೀಸೆಲ್‌ನಲ್ಲಿ. ಇಂಜಿನ್ ಕಾದ ಮೇಲೆ ಒಂದು ತಿರುಪು ತಿರುಗಿಸಿದರೆ ಎಣ್ಣೆಯಲ್ಲಿ. ಗಾಡಿ ಚೆನ್ನಾಗಿಯೇ ಓಡಿತು. ಆದರೆ ಹೊಗೆ ಮೆಣಸಿನಕಾಯಿ ಬೋಂಡಾದ ವಾಸನೆ ಹೊಡೆಯುತ್ತಿತ್ತು. ಹಲಸೂರು ಕೆರೆಯ ಹತ್ತಿರದ ಸಿಗ್ನಲ್ಲಿನಲ್ಲಿ ಅವನು ನಿಂತರೆ, ಹಿಂದಿದ್ದ ಸ್ಕೂಟರಿನವರು ಹಸಿರು ದೀಪ ಬಂದರೂ ಹೊರಡದೆ ಅಂಗಡಿ ಎಲ್ಲಿದೆಯೆಂದು ಸುತ್ತ ಹುಡುಕುತ್ತಿದ್ದರು. ಹೀಗೆ ರಸ್ತೆ ಕಟ್ಟಿಕೊಂಡ ಮೂರನೆಯ ದಿನ ಟ್ರಾಫಿಕ್ ಪೊಲೀಸರು, ಸರ್ಟಿಫಿಕೇಟು ತಾ ಎಂದು ಅವನನ್ನು ಕೋಶಕ್ಕೆ ಕಳಿಸಿದರು.

ಕೋಶ ಸ್ಥಾಪನೆಯಾಗಿ ಆರು ವರ್ಷವಾಗಿತ್ತು. ಈ ಅವಧಿಯಲ್ಲಿ ಅದು ಹದಿನಾಲ್ಕು ವಿಚಾರ ಸಂಕಿರಣ ನಡೆಸಿ, ಊರ ಗೋಡೆಗಳ ಮೇಲೆಲ್ಲ 'ಪರ್ಯಾಯ ಇಂಧನ ಬಳಸಿರಿ' ಎಂದು ಬರೆಸಿತ್ತು. ಪರ್ಯಾಯ ಇಂಧನದಲ್ಲಿ ಓಡುವ ಕಾರೊಂದು ಕೋಶದ ಅಂಗಳಕ್ಕೆ ಬಂದದ್ದು ಅದೇ ಮೊದಲು. ಆದ್ದರಿಂದ ಅದನ್ನು ತಕ್ಷಣ ಜಪ್ತಿ ಮಾಡಲಾಯಿತು.

"ಯಾವ ಎಣ್ಣೇರೀ ಇದು?" ಎಂದು ನಿರ್ದೇಶಕ ಲಕ್ಷ್ಮಿಕಾಂತ ಕೇಳಿದರು.

"ಬೋಂಡಾ ಕರಿದಿದ್ದು ರೀ ಸಾಹೇಬ್ರ."

"ಹೊಂಗೆ ಅಲ್ವಾ? ಬೇವು? ನಮ್ ಲಿಸ್ಟಲ್ಲಿ ಇರೋದು ಇವೆರಡೇ."

"ಹೊಂಗಿ ಎಣ್ಣ್ಯಾಗ ಬೋಂಡಾ ಕರದ್ರ ಮಂದಿ ಹೆಂಗ ತಿಂತಾರ್ರೀ?" ಎಂದ ನಿಂಗಣ್ಣ.

ಈ ಮಾತಿಗೆ ಅರ್ಜಿಯಲ್ಲಿ ಕಾಲಂ ಇರಲಿಲ್ಲ. ಏಳನೇ ಕಾಲಂ ಇಂಧನ ಬೆಳೆದ ಜಮೀನಿನ ವಿವರ ಕೇಳುತ್ತಿತ್ತು. ಗುಮಾಸ್ತೆ ನಾಗರತ್ನಾ, ಎಣ್ಣೆ ಎಲ್ಲಿಂದ ಬರುತ್ತದೆಂದು ವಿಚಾರಿಸಿ, ಇಮಾಮ್ ಬೀಯ ಬಾಣಲೆಯಿಂದ ಎಂದು ತಿಳಿದು, 'ಬಾಣಲೆ. ಅಗಲ ಎರಡು ಅಡಿ. ಖುಷ್ಕಿಯಲ್ಲ, ತರಿ; ಸದಾ ಒದ್ದೆ' ಎಂದು ತುಂಬಿದಳು.

ಮರುದಿನ ಹೊಗೆ ಪರೀಕ್ಷೆ. ನಿಂಗಣ್ಣ ಇಂಜಿನ್ ಕಾಯಿಸಿ ತಿರುಪು ತಿರುಗಿಸಿದ ಐದು ನಿಮಿಷಕ್ಕೆ ಮೂರು ಮಹಡಿಯ ಸಿಬ್ಬಂದಿಯೂ ಕುರ್ಚಿ ಬಿಟ್ಟು ಅಂಗಳಕ್ಕಿಳಿದರು. ಅಲ್ಲಿ ಬೋಂಡಾ ಇಲ್ಲದ್ದು ಕಂಡು ಇಬ್ಬರು ಹಿರಿಯ ಅಧಿಕಾರಿಗಳಿಗೆ ತುಂಬ ಬೇಸರವಾಯಿತು. ಸಂಜೆಯೊಳಗೆ ಆದೇಶ ಹೊರಬಿತ್ತು:

'ಸದರಿ ವಾಹನದ ಹಿಂಭಾಗದಿಂದ ಖಾದ್ಯದ ವಾಸನೆ ಬರುತ್ತಿರುವುದು ಮೂಗಿನ ಮೂಲಕ ದೃಢಪಟ್ಟಿರುತ್ತದೆ. ಖಾದ್ಯ ಮಾತ್ರ ದೊರೆತಿರುವುದಿಲ್ಲ. ವಾಸನೆ ತೋರಿಸಿ ತಿಂಡಿ ಕೊಡದಿರುವುದು ಸಾರ್ವಜನಿಕರಿಗೆ ಬಗೆದ ವಂಚನೆಯಾದ್ದರಿಂದ, ಸದರಿ ವಾಹನವನ್ನು ಹೋಟೆಲು ಎಂದು ಪರಿಗಣಿಸಿ, ಮಾಲೀಕರು ಕೂಡಲೇ ತಿಂಡಿ ಒದಗಿಸತಕ್ಕದ್ದು.'

ನಿಂಗಣ್ಣ ಆದೇಶವನ್ನು ಎರಡು ಸಲ ಓದಿಸಿಕೊಂಡು ಕೇಳಿದ. ಆಮೇಲೆ ಕೈಮುಗಿದು, "ಸಾಹೇಬ್ರ, ನಾ ಮತ್ತ ಡೀಸೆಲ್ಲೇ ಹಾಕ್ಕೋತೀನ್ರೀ. ಗಾಡಿ ಬಿಟ್ಬಿಡ್ರಿ" ಎಂದ.

ಲಕ್ಷ್ಮಿಕಾಂತ ಕುರ್ಚಿಯಿಂದ ಎದ್ದೇಬಿಟ್ಟರು. "ಅಯ್ಯೋ, ಹಂಗೆಲ್ಲ ಮಾಡ್ಬೇಡ್ರೀ! ಈ ವರ್ಷ ನಮ್ ಟಾರ್ಗೆಟ್ಟೇ ಒಂದು ಕಾರು. ನಿಮ್ದು ಸೇರಿಸ್ಕೊಂಡು ನೂರಕ್ಕೆ ನೂರು ಅಂತ ಮೇಲಕ್ಕೆ ಬರೆದ್ಬಿಟ್ಟಿದೀನಿ. ನೀವು ಡೀಸೆಲ್ ಹಾಕ್ಬಿಟ್ರೆ ನಾವು ಸೊನ್ನೆ ಆಗೋಗ್ತೀವಿ."

ಗಾಡಿ ಅಂಗಳದಲ್ಲೇ ನಿಂತಿತು. ನಿಂಗಣ್ಣ ದಿನಾ ನಡೆದು ಬಂದು, ಅದರ ಗಾಜು ಒರೆಸಿ, ನಡೆದು ಹೋಗುತ್ತಿದ್ದ. ಅವನ ಕಾಯಂ ಗಿರಾಕಿಗಳು ಬೇರೆ ಗಾಡಿ ಗೊತ್ತು ಮಾಡಿಕೊಂಡರು. ಮನೆಯಲ್ಲಿ ಒಂಬತ್ತು ದಿನ ಬರೀ ನುಚ್ಚು ಬೆಂದಿತು. ಹತ್ತನೆಯ ದಿನ ಪೀರಮ್ಮ ತಾನೇ ಬಂದು ನಿರ್ದೇಶಕರ ಮೇಜಿನ ಮುಂದೆ ನಿಂತಳು.

"ಗಾಡಿ ಕೊಡ್ತೀರೋ, ಇಲ್ಲಾ ನಮಗ ಇಲ್ಲೇ ಉಣ್ಣಾಕ ಹಾಕ್ತೀರೋ? ಎರಡ್ರಾಗ ಒಂದ್ ಹೇಳ್ರಿ."

ಲಕ್ಷ್ಮಿಕಾಂತ ನಿಯಮಾವಳಿ ತೆರೆದು ಬಹಳ ಹೊತ್ತು ಓದಿದರು. "ಎರಡನೇದು ಮಾಡ್ಬಹುದು, ತಾಯಿ. ಆದ್ರೆ ನೀವೇ ನಮಗೆ ಹಾಕ್ಬೇಕು."

ಪೀರಮ್ಮ ಅವರನ್ನೇ ದಿಟ್ಟಿಸಿದಳು. ಅವರು ತಮಾಷೆ ಮಾಡುತ್ತಿಲ್ಲವೆಂದು ಅವಳಿಗೆ ಖಾತ್ರಿಯಾಯಿತು. ಮಾರನೆಯ ಬೆಳಿಗ್ಗೆ ಅವಳು ಸ್ಟೌ ಹೊತ್ತು ತಂದಳು. ಇಮಾಮ್ ಬೀ ಬಾಣಲೆಯೊಂದಿಗೆ ಆಟೋದಲ್ಲಿ ಬಂದಿಳಿದಳು. "ಎಣ್ಣೆ ನಂದು, ಮಸಾಲಾ ನಂದು, ಹೊಗೆ ಮಾತ್ರ ನಿಂಗಣ್ಣಂದಾ? ನಡಿ, ನಾನೂ ಪಾರ್ಟ್ನರ್ರು" ಎಂದಳು. ಡಿಕ್ಕಿಯ ಪಕ್ಕದಲ್ಲೇ ಒಲೆ ಹೂಡಿದರು. ಹತ್ತೂವರೆಗೆ ಮೊದಲ ಬೋಂಡಾ ಎದ್ದಿತು. ಹತ್ತೂಮುಕ್ಕಾಲಿಗೆ ಕಚೇರಿಯಲ್ಲಿ ಯಾರೂ ಇರಲಿಲ್ಲ.

ಆಗ ಒಂದು ತಾಂತ್ರಿಕ ತೊಡಕು ಎದುರಾಯಿತು. ಹೋಟೆಲಿಗೆ ಖಾಯಂ ವಿಳಾಸವಿರಬೇಕು, ಚಕ್ರವಿದ್ದರೆ ವಿಳಾಸ ಖಾಯಂ ಆಗದು ಎಂದು ಲೈಸೆನ್ಸ್ ಶಾಖೆಯವರು ಆಕ್ಷೇಪಿಸಿದರು. ನಾಲ್ಕೂ ಚಕ್ರ ಬಿಚ್ಚಿ, ಗಾಡಿಯನ್ನು ಇಟ್ಟಿಗೆಗಳ ಮೇಲೆ ಕೂರಿಸಲಾಯಿತು. ಆದರೆ ಕಚೇರಿ ವೇಳೆಯಲ್ಲಿ ಇಂಜಿನ್ ನಿಲ್ಲಿಸುವಂತಿರಲಿಲ್ಲ. ಇಂಜಿನ್ ನಿಂತರೆ ಪರ್ಯಾಯ ಇಂಧನದ ಬಳಕೆ ನಿಂತಂತೆ. ಬಳಕೆ ನಿಂತರೆ ಕೋಶವನ್ನೇ ಮುಚ್ಚಬೇಕು. ಆದ್ದರಿಂದ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ನಿಂಗಣ್ಣ ಸ್ಟಿಯರಿಂಗ್ ಹಿಡಿದು ಕೂರಬೇಕೆಂದು ತೀರ್ಮಾನವಾಯಿತು. ಬೋಂಡಾ ಕರಿದುಳಿದ ಎಣ್ಣೆ ಸೋಸಿಕೊಂಡು ಟ್ಯಾಂಕಿಗೆ ಹೋಗುತ್ತಿತ್ತು, ಟ್ಯಾಂಕಿನ ಎಣ್ಣೆ ಹೊಗೆಯಾಗಿ ಗಿರಾಕಿಗಳನ್ನು ಕರೆಯುತ್ತಿತ್ತು. ಇದನ್ನು ಸ್ವಾವಲಂಬಿ ಮಾದರಿ ಎಂದು ಕೊಂಡಾಡಿ ಮೇಲಿನಿಂದ ಪತ್ರ ಬಂತು. ವರ್ಷಾಂತ್ಯದ ವರದಿಯಲ್ಲಿ 'ಅಪಘಾತ: ಇಲ್ಲ' ಎಂದು ದಪ್ಪ ಅಕ್ಷರದಲ್ಲಿ ನಮೂದಾಯಿತು.

ಮೊದಮೊದಲು ನಿಂಗಣ್ಣನಿಗೆ ನಾಚಿಕೆಯಾಗುತ್ತಿತ್ತು. ಗೇಟಿನಾಚೆ ಬಸ್ಸು ಹಾರ್ನ್ ಹೊಡೆದರೆ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತಿತ್ತು. ತಾನು ನಿಂತಲ್ಲೇ ನಿಂತಿದ್ದೇನೆಂದು ನೆನಪಾಗಿ ಕಾಲನ್ನು ಹಿಂದಕ್ಕೆಳೆದುಕೊಳ್ಳುತ್ತಿದ್ದ. "ಯಾಕ ಮಾರಿ ಸಣ್ಣ ಮಾಡ್ತಿ? ಗಾಡಿ ಓಡಾಗ ಎರಡೊತ್ತು ಉಣ್ತಿದ್ವಿ. ಈಗ ನಿಂತದ, ಮೂರೊತ್ತು ಉಣ್ಣಾಕತ್ತೀವಿ" ಎಂದಳು ಪೀರಮ್ಮ. ನಾಲ್ಕು ತಿಂಗಳಲ್ಲಿ ಕಾಲು ಸುಮ್ಮನಾಯಿತು.

ಒಂದು ಮಧ್ಯಾಹ್ನ ಮುನಿಆಂಜನಪ್ಪ ಎಂಬ ವೃದ್ಧರು ಹೆಂಡತಿಯೊಂದಿಗೆ, ಕೈಯಲ್ಲಿ ಎರಡು ಚೀಲ ಹಿಡಿದು ಬಂದರು.

"ಗಾಡಿ ಕೆ.ಆರ್. ಪುರಕ್ಕೆ ಬತ್ತದಾ?"

"ಇಲ್ರೀ, ಬರಂಗಿಲ್ಲ. ಕೂಡ್ರಿ" ಎಂದ ನಿಂಗಣ್ಣ.

ಇಂಜಿನ್ ಸದ್ದಿನಲ್ಲಿ ಅವರಿಗೆ ಕೊನೆಯ ಮಾತಷ್ಟೇ ಕೇಳಿಸಿತು. ಇಬ್ಬರೂ ಹಿಂದಿನ ಸೀಟಿನಲ್ಲಿ ಕೂತರು. ಎರಡು ಪ್ಲೇಟು ಬೋಂಡಾ ತಿಂದರು. ಇಂಜಿನ್ನಿನ ಸದ್ದಿಗೆ ಹಾಗೆಯೇ ನಿದ್ದೆ ಹೋದರು. ಐದು ಗಂಟೆಗೆ ಕಚೇರಿ ಮುಚ್ಚಿತು. ನಿಂಗಣ್ಣ ಇಂಜಿನ್ ಆರಿಸಿ ಅವರನ್ನು ಎಬ್ಬಿಸಿದ. ಮುನಿಆಂಜನಪ್ಪ ಇಳಿದು, ಮೈಮುರಿದು, ಚೀಲ ಎತ್ತಿಕೊಂಡರು.

"ಒಂದು ಚೂರೂ ಕುಲುಕ್ಲಿಲ್ಲ ಕಣಪ್ಪಾ. ಕೊನೆಗೂ ರಸ್ತೆ ಚೆನ್ನಾಗ್ ಮಾಡವ್ರೆ" ಎಂದು ಹೆಂಡತಿಯನ್ನು ಕರೆದುಕೊಂಡು ಬಸ್ ಸ್ಟಾಪಿನ ಕಡೆ ನಡೆದರು.