ಕೆಂದಿಗೆ ಹೊಳಪು ಕೊಟ್ಟ ಕಥೆ

ಜಾಹೀರಾತಿನಲ್ಲಿ ಮಿನುಗುವ ಸೋಪು ನಮ್ಮ ಬಚ್ಚಲಿಗೆ ಬಂದ ಮೇಲೆ ಎಂದಾದರೂ ಹಾಗೆ ಮಿನುಗಿದೆಯೇ? ಇಲ್ಲ! ಯಾಕೆಂದರೆ ಮಹಿಮೆ ಸೋಪಿನದಲ್ಲ, ಬೆಳಕಿನದು. ಸರಿಯಾದ ಬೆಳಕು, ಆಮೇಲೆ ಒಂದಿಷ್ಟು ತಿದ್ದುಪಡಿ, ಇವೆರಡಿದ್ದರೆ ಶಿಕಾರಿಪುರದ ಬಸ್ ಸ್ಟ್ಯಾಂಡನ್ನೂ ನಾನು ಇಂದ್ರನ ಅಮರಾವತಿ ಮಾಡಿ ತೋರಿಸಬಲ್ಲೆ. ನಿವೃತ್ತಿಯಾದ ಮೇಲೆ ಯೂಟ್ಯೂಬಿನ ಮುಂದೆ ಕೂತು ಈ ವಿದ್ಯೆಯನ್ನು ಅರೆದು ಕುಡಿದವನು ಈ ಹುಚ್ಚರಾಯಪ್ಪ.

ವಿದ್ಯೆಯನ್ನು ಮೆರೆಸುವ ಅವಕಾಶ ಕೊಟ್ಟಿದ್ದು ನನ್ನ ಹೆಂಡತಿ ಅಕ್ಕನಾಗಮ್ಮನ ಮೊಣಕಾಲು. ಇನ್ನು ಮೇಲೆ ಕುಕ್ಕರುಗಾಲಲ್ಲಿ ಕೂರಲೇಬಾರದು ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಕೂರದೆ ಹಾಲು ಕರೆಯುವುದು ಹೇಗೆ? ನಾನು ಜೀವಮಾನವಿಡೀ ಹಾಲು ಕುಡಿಯುವ ಇಲಾಖೆಯಲ್ಲಿದ್ದವನು, ಕರೆಯುವ ಇಲಾಖೆ ನನ್ನದಲ್ಲ. ಹಾಗಾಗಿ ಕೆಂದಿಯನ್ನು ಮಾರುವುದೆಂದು ತೀರ್ಮಾನವಾಯಿತು. ಕೆಂದಿ ನನ್ನ ಹೆಂಡತಿಯ ತವರು ಉಳವಿಯಿಂದ ಕರುವಾಗಿ ಬಂದ ಹಸು. ಅವಳದು ಒಂದೇ ಷರತ್ತು.

"ದಲ್ಲಾಳಿ ಕೈಗೆ ಕೊಡಕೂಡ್ದು. ಮನೆಮಗಳ ಥರ ನೋಡ್ಕೊಳೋರಿಗೇ ಹೋಗ್ಬೇಕು ಕಣ್ರೀ" ಎಂದು ಸೆರಗಲ್ಲಿ ಮೂಗೊರೆಸಿಕೊಂಡಳು.

"ಫೋಟೋ ನನಗೆ ಬಿಡು! ಅದನ್ನ ನೋಡಿದ್ರೆ ಮೈಸೂರು ಅರಮನೆಯವರೇ ಹಗ್ಗ ಹಿಡ್ಕೊಂಡು ಬರ್ತಾರೆ."

"ಅರಮನೆಯೋರು ಬೇಡ. ಹಿಂಡಿ, ಹುಲ್ಲು ಸರಿಯಾಗಿ ಹಾಕೋರು ಬಂದ್ರೆ ಸಾಕು."

ಪಕ್ಕದ ಬೀದಿಯಲ್ಲಿ ಮದುವೆ ವಿಡಿಯೋ ತೆಗೆಯುವ ಕೆಂಪಪ್ಪನಿಂದ ಎರಡು ಫೋಕಸ್ ಲೈಟು ತಂದೆ. "ಯಾರ ಮದ್ವಿ ಐತ್ರೀ ಸಾಹೇಬ್ರ?" ಎಂದ. ಹಸುವಿನದು ಎಂದೆ. ಪಾಪ, ಗಂಡಿನ ಕಡೆಯವರು ಯಾರು ಎಂದು ಕೇಳುವ ಧೈರ್ಯ ಅವನಿಗಾಗಲಿಲ್ಲ.

ಸಂಜೆ ಕೊಟ್ಟಿಗೆಯಲ್ಲಿ ಲೈಟು ಹಾಕಿದೆ ನೋಡಿ! ಅದೆಂಥ ಬೆಳಕು! ನಮ್ಮ ಬೀದಿಯ ಕೋಳಿಗಳೆಲ್ಲ ಬೆಳಗಾಯಿತೆಂದು ಕೂಗಿದವು. ಅದಕ್ಕೆ ಶಿರಾಳಕೊಪ್ಪದ ಕೋಳಿಗಳು ಉತ್ತರ ಕೊಟ್ಟವಂತೆ. ಸೊರಬ ತಾಲ್ಲೂಕಿನ ಹುಳುಹುಪ್ಪಟೆಗಳು ಸಂಸಾರ ಸಮೇತ ನಮ್ಮ ಕೊಟ್ಟಿಗೆಗೆ ವಲಸೆ ಬಂದವು. ಬೆಳಕು ಮೆತ್ತಗೆ ಬೀಳಲಿ ಎಂದು ಲೈಟಿನ ಮುಂದೆ ಸೊಳ್ಳೆಪರದೆ ಕಟ್ಟಿದೆ. ನೆರಳು ತೆಗೆಯಲು ಇನ್ನೊಂದು ಪಕ್ಕಕ್ಕೆ ಹೆಂಡತಿಯ ಹೊಸ ಬಿಳಿ ಬೆಡ್‌ಶೀಟು ಕಟ್ಟಿದೆ. ಮೈ ಹೊಳೆಯಲೆಂದು ಒಂದು ಬಾಟಲಿ ಕೊಬ್ಬರಿ ಎಣ್ಣೆಯನ್ನೂ ತಿಕ್ಕಿದೆ.

"ರೀ, ನನ್ನ ತಲೆಗೆ ಎಣ್ಣೆ ಬೇಕು ಅಂದ್ರೆ ತಿಂಗಳ ಕೊನೆ ಅಂತೀರಿ!"

"ನಿನ್ನನ್ನ ಯಾರಿಗೆ ಮಾರ್ಬೇಕೇ?"

"ಕೊಳ್ಳೋರು ಇದ್ದಿದ್ರೆ ನಿಮ್ಮನ್ನ ಯಾವತ್ತೋ ಮಾರ್ತಿದ್ದೆ! ಅಯ್ಯೋ, ಅಲ್ನೋಡ್ರಿ, ಬೆಡ್‌ಶೀಟು!"

ತಿರುಗಿ ನೋಡುವಷ್ಟರಲ್ಲಿ ಬೆಡ್‌ಶೀಟಿನ ಒಂದು ಮೂಲೆ ಕೆಂದಿಯ ಹೊಟ್ಟೆ ಸೇರಿತ್ತು. ಉಳಿದದ್ದನ್ನು ಎಳೆದುಕೊಂಡೆವು. ಕೆಂದಿ ಹಾಯಾಗಿ ಮೆಲುಕು ಹಾಕುತ್ತಿದ್ದಾಗ ಫೋಟೋ ಹೊಡೆದೆ. ಮಹಾರಾಣಿ ತಾಂಬೂಲ ಹಾಕಿಕೊಂಡಂತಿತ್ತು!

ಇನ್ನು ತಿದ್ದುಪಡಿ. ಮೊಬೈಲಿನಲ್ಲಿ ಅದಕ್ಕೆಂದೇ ಒಂದು ಆ್ಯಪ್ ಇದೆ. ನೊಣಗಳನ್ನು ಅಳಿಸಿದೆ. ಸಗಣಿಯನ್ನು ಅಳಿಸಿದೆ. ಸೊಟ್ಟಗಿದ್ದ ಕೊಂಬನ್ನು ನೆಟ್ಟಗೆ ಮಾಡಿದೆ. ಕೆಚ್ಚಲನ್ನು ಕೊಂಚ, ಕೊಂಚವೇ, ಹಿಗ್ಗಿಸಿದೆ. ಹಣೆಯ ನಡುವೆ ಕೂದಲು ಗುಂಡಗೆ ಸುತ್ತಿಕೊಂಡು, ಬಾಚಣಿಗೆ ಕಾಣದ ಹುಡುಗನ ತಲೆಯಂತೆ ಎದ್ದು ನಿಂತಿತ್ತು. ಬೆರಳಲ್ಲಿ ಒರೆಸಿದೆ, ಹೋಯಿತು! ಕೊನೆಗೆ 'ನಗು' ಎಂಬ ಗುಂಡಿ ಕಂಡಿತು. ಒತ್ತಿದೆ. ಕೆಂದಿ ಹಲ್ಲು ಬಿಟ್ಟು ನಕ್ಕಳು. ಟೂತ್‌ಪೇಸ್ಟಿನ ಕಂಪನಿಯವರು ನೋಡಿದ್ದರೆ ಅಲ್ಲೇ ಕರಾರು ಬರೆಸಿಕೊಳ್ಳುತ್ತಿದ್ದರು. ಹೆಂಡತಿಗೂ ತೋರಿಸದೆ, ಸುತ್ತಲ ಊರಿನವರು ದನಕರು ಕೊಂಡು ಮಾರುವ ವಾಟ್ಸಾಪ್ ಗ್ರೂಪಿಗೆ ಹಾಕಿ ನಿಶ್ಚಿಂತೆಯಾಗಿ ಮಲಗಿದೆ.

ಬೆಳಿಗ್ಗೆ ಎದ್ದರೆ ಗ್ರೂಪಿನಲ್ಲಿ ಒಂದೇ ಪ್ರಶ್ನೆ: "ಹಸು ಚೆನ್ನಾಗಿದೆ. ಸುಳಿ ಎಲ್ಲಿ?"

ಕನ್ನಡಕ ಏರಿಸಿ ಫೋಟೋವನ್ನು ಮತ್ತೆ ನೋಡಿದೆ. ನಮ್ಮ ಕಡೆ ಹಸು ಕೊಳ್ಳುವವರು ಹಾಲೆಷ್ಟು ಎಂದು ಕೇಳುವ ಮೊದಲು ಸುಳಿ ನೋಡುತ್ತಾರೆ. ಹಣೆಯ ಮೇಲೆ ಕೂದಲು ತಿರುಗಿದ ರೀತಿಯಲ್ಲೇ ಮನೆಯ ಏಳಿಗೆ, ಕೇಡು ಎರಡೂ ಇವೆಯೆಂಬ ನಂಬಿಕೆ. ನಾನು ಬೆರಳಲ್ಲಿ ಒರೆಸಿ ಎಸೆದಿದ್ದು ಅದನ್ನೇ!

"ಕೆಟ್ಟ ಸುಳಿ ಇರ್ಬೇಕು, ಅದಕ್ಕೇ ಅಳಿಸಿದಾರೆ" ಎಂದು ಒಬ್ಬ ಬರೆದ. ಅಷ್ಟೇ! ಮಧ್ಯಾಹ್ನಕ್ಕೆ ಸುದ್ದಿ ಸೊರಬ ಮುಟ್ಟುವಾಗ ಅದು ಮನೆಮುರುಕ ಹಸುವಾಗಿತ್ತು. ಸಂಜೆ ಶಿರಾಳಕೊಪ್ಪದ ಸಂತೆಗೆ ಹೋಗುವಾಗ ಅದು ಮೂವರು ಯಜಮಾನರನ್ನು ನುಂಗಿತ್ತು. ಮೂರನೆಯವನು ನಾನೇ! ಉಳವಿಯಿಂದ ಭಾವಮೈದುನ ಮಹೇಶ್ವರಪ್ಪ ಗದ್ಗದಿತನಾಗಿ ಫೋನು ಮಾಡಿದ.

"ಅಕ್ಕಾ, ಭಾವ ಹೋಗ್ಬಿಟ್ರಂತೆ?"

"ಎಲ್ಲಿಗೆ ಹೋಗ್ತಾರೋ? ಕೊಟ್ಟಿಗೇಲಿ ಲೈಟು ಬಿಚ್ತಾ ಇದಾರೆ!"

ಫೋನಿಟ್ಟವಳು ಗ್ರೂಪು ತೆಗೆದು ನೋಡಿದಳು. ಕೊಟ್ಟಿಗೆಗೆ ಬಂದು ನನ್ನನ್ನು ನೋಡಿದಳು. ಕೆಂದಿಯ ಹಣೆ ಸವರುತ್ತಾ ನಿಂತಳು. ಬೈದಿದ್ದರೆ ವಾಸಿಯಿತ್ತು.

ಆದರೂ ನಾನು ಕುಗ್ಗಲಿಲ್ಲ. ಮರುದಿನವೇ ಜಡೆ ಊರಿನಿಂದ ಧರ್ಮಪ್ಪ ಎಂಬ ರೈತರು ಬಸ್ಸಿಳಿದು ಬಂದರಲ್ಲ! ಕೆಂದಿಯನ್ನೂ ಮೊಬೈಲನ್ನೂ ಮತ್ತೆ ಮತ್ತೆ ನೋಡಿದರು.

"ಫೋಟೋದಲ್ಲಿರೋ ಹಸು ತೋರಿಸಿ ಮಾರಾಯ್ರೆ."

"ಇದೇ ರೀ ಅದು!"

"ಇದಾ? ಇದು ಅದರ ಅಜ್ಜಿ ಇರ್ಬೇಕು. ಅದಿರ್ಲಿ, ಹಸುಗೆ ಮೇಲ್ಗಡೆ ಮುಂದಿನ ಹಲ್ಲು ಎಲ್ಲಿರ್ತವೆ? ಇದಕ್ಕೆ ಕಟ್ಟಿಸಿದ್ರಾ?"

ನಾನು ಕೆಮ್ಮಿದೆ. ಅವರು ಕೆಂದಿಯ ಹಣೆಗೆ ಕೈಯಿಟ್ಟು ನೋಡಿ ಹೌಹಾರಿದರು. "ಅಯ್ಯಯ್ಯೋ! ಇದು ಒಳ್ಳೇ ಸುಳಿ ಕಣ್ರೀ! ಇಂಥದ್ದನ್ನ ಹುಡುಕ್ಕೊಂಡು ಜನ ಊರೂರು ಅಲೀತಾರೆ. ಅಳಿಸಿದ ಪುಣ್ಯಾತ್ಮ ಯಾರು?"

ಅಕ್ಕನಾಗಮ್ಮ ಗದ್ದದಲ್ಲೇ ನನ್ನ ಕಡೆ ತೋರಿಸಿದಳು. ಆಮೇಲೆ ಆಸೆಯಿಂದ, "ಹಂಗಾದ್ರೆ ಕರ್ಕೊಂಡು ಹೋಗ್ತೀರಾ ಅಣ್ಣಾ? ನಿಮ್ಮ ಕೈ ನೋಡಿದ್ರೆ ದನ ಸಾಕಿದ ಕೈ ಅಂತ ಗೊತ್ತಾಗುತ್ತೆ" ಎಂದಳು.

"ನನಗೇನೋ ಇಷ್ಟಾನೇ ತಾಯಿ. ಆದ್ರೆ ನಮ್ಮನೆಯಾಕೆ ಗ್ರೂಪಲ್ಲಿ ಎಲ್ಲಾ ಓದಿಬಿಟ್ಟಿದಾಳೆ. ಈ ಹಸು ಹೊಡ್ಕೊಂಡು ಹೋದ್ರೆ ನಾನೂ ಅದರ ಪಕ್ಕದಲ್ಲೇ ಮಲಗ್ಬೇಕು!"

ಕಾಫಿ ಕುಡಿದು, ಕೆಂದಿಯ ಬೆನ್ನು ತಟ್ಟಿ, ಹೊರಟೇ ಹೋದರು. ಆಮೇಲೆ ಯಾರೂ ಬರಲಿಲ್ಲ. ಹಾಲು ಬಿಗಿದ ಕೆಂದಿ ಅಂಬಾ ಎಂದಿತು.

ಅಲ್ಲಿಯವರೆಗೆ ನೋವು ತಡೆದುಕೊಂಡೇ ಕರೆಯುತ್ತಿದ್ದ ಹೆಂಡತಿ ತಂಬಿಗೆ ತಂದು ನನ್ನ ಕೈಗಿಟ್ಟಳು. "ಕೊಳ್ಳೋರಿಲ್ಲ ಅಂದ್ಮೇಲೆ ಕರೆಯೋರು ಬೇಕಲ್ಲ. ಕೂತ್ಕೊಳ್ಳಿ."

"ನನಗೆ ಬರಲ್ವಲ್ಲೇ!"

"ಯೂಟ್ಯೂಬಲ್ಲಿದೆ."

ಕೂತೆ. ಮೊದಲ ಧಾರೆ ತಂಬಿಗೆ ಬಿಟ್ಟು ನನ್ನ ಕನ್ನಡಕಕ್ಕೆ ಬಿತ್ತು. ಬಾಲ ಕಪಾಳಕ್ಕೆ ಬಿತ್ತು. ಒದೆ ಎಲ್ಲಿಗೆ ಬಿತ್ತೆಂಬುದು ಬರೆಯುವ ಮಾತಲ್ಲ. ನನಗೆ ಗೊತ್ತಿಲ್ಲದಂತೆ ಅಕ್ಕನಾಗಮ್ಮ ಆ ಭಂಗಿಯನ್ನು ಮೊಬೈಲಿನಲ್ಲಿ ಹಿಡಿದು, ಹಾಗೇ ಗ್ರೂಪಿಗೆ ಹಾಕಿಬಿಟ್ಟಿದ್ದಳು. ಮೆಚ್ಚುಗೆಯ ಹೆಬ್ಬೆರಳುಗಳ ಸುರಿಮಳೆ! ನಡುವೆ ಧರ್ಮಪ್ಪನವರ ಸಂದೇಶ:

"ಹಸು ಇರ್ಲಿ ತಾಯಿ. ಕರೆಯೋ ಆಳನ್ನ ಕೊಡೋದಿದ್ರೆ ಹೇಳಿ, ಸುಳಿ ನೋಡಲ್ಲ."

ಕೆಳಗೆ ನನ್ನ ಹೆಂಡತಿಯ ಉತ್ತರ:

"ಕೊಡೋಣ ಅಣ್ಣಾ. ಆದ್ರೆ ಖುದ್ದಾಗಿ ಬಂದು ನೋಡಿ. ಈ ಫೋಟೋದಲ್ಲಿ ಇವರು ತುಂಬಾ ಚೆನ್ನಾಗಿ ಬಂದಿದಾರೆ."