ಸಾಲಹಳ್ಳಿಯಿಂದ ತೊರಗಲ್ಲಿಗೆ ಒಂದು ನೇರಳೆ ಗೆರೆ

ನನ್ನ ನೆನಪಿನ ಮೇಲೆ ನನಗೆ ನಂಬಿಕೆಯಿಲ್ಲ. ಇದನ್ನು ವಿನಯದಿಂದ ಹೇಳುತ್ತಿಲ್ಲ, ಧಾರವಾಡದಲ್ಲಿ ಎರಡು ವರ್ಷ ತತ್ವಶಾಸ್ತ್ರ ಓದಿ ಪಡೆದ ಪದವಿಯ ಗತ್ತಿನಿಂದಲೇ ಹೇಳುತ್ತಿದ್ದೇನೆ. ಕಂಡದ್ದನ್ನು ನಂಬಬೇಡಿ, ಕೇಳಿದ್ದನ್ನು ನಂಬಬೇಡಿ, ನೆನಪಾದದ್ದನ್ನಂತೂ ಸುತರಾಂ ನಂಬಬೇಡಿ, ಯಾವ ಮಾತಿಗೂ ಒಂದಕ್ಕೊಂದು ಸಂಬಂಧವಿಲ್ಲದ ಎರಡು ಸಾಕ್ಷಿ ಬೇಕು ಎಂದು ಬೈಲಹೊಂಗಲದ ಕಾಲೇಜೊಂದರಲ್ಲಿ ಇಪ್ಪತ್ತೈದು ವರ್ಷಗಳಿಂದ ತರ್ಕಶಾಸ್ತ್ರ ಹೇಳಿಕೊಡುತ್ತಿದ್ದೇನೆ. ಇಪ್ಪತ್ತೈದೋ, ಇಪ್ಪತ್ತಾರೋ. ಹೆಂಡತಿ ಸುಮಂಗಲಾಳನ್ನು ಕೇಳಬೇಕು. ಅವಳು ಯಾವ ಪದವಿಯೂ ಇಲ್ಲದೆ ನನ್ನ ನೆನಪನ್ನು ಸಂಶಯಿಸಲು ಕಲಿತವಳು.

ಇಂಥವನು ಸೈಕಲ್ ತುಳಿಯಲು ಶುರುಮಾಡಿದರೆ ಏನಾಗುತ್ತದೆ? ಯರಗಟ್ಟಿಗೆ ಹೊರಟವನು ಕಿತ್ತೂರಿನ ಕೋಟೆ ಮುಂದೆ ಇಳಿದು ಚಹಾ ಕುಡಿಯುತ್ತಾನೆ. ಒಮ್ಮೆ ಹಾಗೆ ಆದಮೇಲೆ ಹ್ಯಾಂಡಲ್ಲಿಗೆ ಸಿಕ್ಕಿಸುವ ದಾರಿ ತೋರಿಸುವ ಯಂತ್ರವೊಂದನ್ನು ತರಿಸಿದೆ. ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು, ಗತ್ತು ಮಾತ್ರ ಜಿಲ್ಲಾಧಿಕಾರಿಯದು. ಅದರ ಜೊತೆ ಬಂದ ನಕ್ಷೆಯಲ್ಲಿ ಯುರೋಪಿನ ಕಾಲುದಾರಿಗಳೆಲ್ಲ ಇದ್ದವು, ಸವದತ್ತಿ ರಾಮದುರ್ಗಗಳ ಜಾಗದಲ್ಲಿ ಮಾತ್ರ ಹಳದಿ ಬಯಲು. ಅಷ್ಟು ಸಾವಿರ ವರ್ಷ ನಾವು ಸುಮ್ಮನೆ ಬದುಕಿದೆವು ಅನ್ನಿಸಿತು. ಆಗ ತಿಳಿಯಿತು, ಪುಕ್ಕಟೆಯಾಗಿ ಸಿಗುವ ಮುಕ್ತ ನಕ್ಷೆಯೊಂದಿದೆ, ಲೋಕದ ಜನರೆಲ್ಲ ಸೇರಿ ಬರೆದದ್ದು, ಅದನ್ನು ಇಳಿಸಿಕೊಂಡು ಯಂತ್ರಕ್ಕೆ ತುಂಬಬಹುದು ಎಂದು. ತುಂಬಿದೆ. ಮೊದಲ ಸಲ ತಪ್ಪು ತುಂಡು ಇಳಿಸಿದ್ದರಿಂದ ನಮ್ಮ ಮನೆ ಇರಬೇಕಾದ ಕಡೆ ಏನೂ ಕಾಣಲಿಲ್ಲ. ಎರಡನೆಯ ಸಲ ತಪ್ಪು ಫೋಲ್ಡರಿಗೆ ಹಾಕಿದ್ದರಿಂದ ಯಂತ್ರವೇ ಕಣ್ಣು ತೆರೆಯಲಿಲ್ಲ. ಮೂರನೆಯ ಸಲ ಬೈಲಹೊಂಗಲ ಓಣಿ ಓಣಿಯಾಗಿ ಅರಳಿತು.

ಮುಕ್ತ ನಕ್ಷೆಯ ಮಹಿಮೆ ಏನೆಂದರೆ ಅದನ್ನು ಯಾರು ಬೇಕಾದರೂ ತಿದ್ದಬಹುದು. ನಮ್ಮಲ್ಲಿ ಯಾರು ಬೇಕಾದರೂ ಮಾಡಬಹುದಾದ ಕೆಲಸವನ್ನು ಯಾರು ಮಾಡುತ್ತಾರೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಒಬ್ಬ ಪುಢಾರಿಯ ಅಭಿಮಾನಿಗಳು ಇನ್ನೂ ಭೂಮಿಪೂಜೆಯೇ ಆಗದ ವರ್ತುಲ ರಸ್ತೆಯನ್ನು ಎಳೆದು, ಡಾಂಬರು ಹಾಕಿ, ಅದಕ್ಕೆ ತಮ್ಮ ಸಾಹೇಬರ ಹೆಸರನ್ನೂ ಇಟ್ಟಿದ್ದರು. ನಕ್ಷೆಯಲ್ಲಾದರೂ ರಸ್ತೆ ಆಯಿತಲ್ಲ ಎಂದು ನಾವು ಸಂತೋಷಪಡಬೇಕು. ಒಬ್ಬ ಪುಣ್ಯಾತ್ಮ ಹಿಟ್ಟಿನ ಗಿರಣಿಯನ್ನು ದೇವಸ್ಥಾನ ಮಾಡಿದ್ದ. ಒಂದು ರಜೆಯಲ್ಲಿ ನಾನೂ ಒಂದು ವಾರ ಆ ಲೋಕಸೇವೆ ಮಾಡಿದ್ದುಂಟು. ಗಿರಣಿಯನ್ನು ಮತ್ತೆ ಗಿರಣಿ ಮಾಡಿದೆ, ಕಾಲೇಜಿನ ಹಿಂದಿನ ಗೇಟನ್ನು ಗುರುತಿಸಿದೆ. ಇಷ್ಟೇ ಎಂದು ನೆನಪು.

ಈ ಸಲದ ಜಗಳ ಶುರುವಾದದ್ದು ತೊರಗಲ್ಲಿನಲ್ಲಿರುವ ಸುಮಂಗಲಾಳ ಅಕ್ಕ ನಮ್ಮನ್ನು ಊಟಕ್ಕೆ ಕರೆದದ್ದರಿಂದ. ಸುಮಂಗಲಾ ಬಸ್ಸಿನಲ್ಲಿ ರಾಮದುರ್ಗದ ಮೇಲೆ ಹೋಗುವವಳು. ನಾನು ಸೈಕಲ್ ಮೇಲೆ ಬರುತ್ತೇನೆ, ಸಾಲಹಳ್ಳಿಯಿಂದ ಒಳದಾರಿ ಇದೆ, ಕಾಲೇಜು ಓದುವಾಗ ಗೆಳೆಯರ ಜೊತೆ ಅದೇ ದಾರಿಯಲ್ಲಿ ತೊರಗಲ್ ಕೋಟೆ ನೋಡಲು ಹೋಗಿದ್ದೆ ಎಂದೆ.

"ಮುಂಜಾನೆ ಚಸ್ಮಾ ಹಣಿ ಮ್ಯಾಲೆ ಏರಿಸ್ಕೊಂಡು ಇಡೀ ಮನಿ ಹುಡುಕಿದ್ರಿ. ಮೂವತ್ತು ವರ್ಷದ ಹಿಂದಿನ ದಾರಿ ನೆನಪೈತೇನ್ರಿ?" ಎಂದಳು.

"ನನ್ನ ನೆನಪು ನಂಬಬ್ಯಾಡ. ಇದನ್ನ ನೋಡು," ಎಂದು ಯಂತ್ರವನ್ನು ಅವಳ ಮೂಗಿನ ಕೆಳಗೆ ಹಿಡಿದೆ. ಸಾಲಹಳ್ಳಿಯಿಂದ ತೊರಗಲ್ಲಿನ ಕಡೆಗೆ, ನಾನು ಹೇಳಿದಲ್ಲಿಯೇ, ಒಂದು ದಾರಿ ಇತ್ತು. ಯಂತ್ರ ಅದರ ಮೇಲೆ ಅಚ್ಚುಕಟ್ಟಾಗಿ ನೇರಳೆ ಗೆರೆ ಎಳೆದು ತೋರಿಸುತ್ತಿತ್ತು. ನನಗಾದ ಆನಂದ ಅಷ್ಟಿಷ್ಟಲ್ಲ. ಯಾವುದೋ ಊರಿನ ಯಾರೋ ಗುರುತಿಲ್ಲದವನು ನನ್ನ ನೆನಪಿಗೆ ಸಾಕ್ಷಿ ನುಡಿದಿದ್ದ.

ಸುಮಂಗಲಾ ಪಂಥ ಕಟ್ಟಿದಳು. ದಾರಿ ಇದ್ದರೆ ಅವಳು ಇನ್ನು ಮುಂದೆ ನನ್ನ ನೆನಪಿನ ಸುದ್ದಿ ಎತ್ತುವುದಿಲ್ಲ. ಇಲ್ಲದಿದ್ದರೆ ಸೈಕಲ್ ಅಟ್ಟಕ್ಕೆ, ನಾನು ಅವಳ ಸ್ಕೂಟಿಯ ಹಿಂದಿನ ಸೀಟಿಗೆ, ದಿನಾಲೂ, ಕಾಲೇಜಿನ ಗೇಟಿನವರೆಗೆ. ತರಗತಿಯಲ್ಲಿ ಸ್ವತಂತ್ರ ಚಿಂತನೆಯ ಬಗ್ಗೆ ಗಂಟಲು ಹರಿದುಕೊಳ್ಳುವ ಮನುಷ್ಯನಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಅವಳಿಗೂ ಹೊಳೆದಿರಲಿಕ್ಕಿಲ್ಲ.

ಹಿಂದಿನ ದಿನ ಮಳೆಯಾಗಿತ್ತು. ಯರಗಟ್ಟಿ ದಾಟಿ ಸಾಲಹಳ್ಳಿಯವರೆಗೆ ರಾಜನಂತೆ ಹೋದೆ. ಊರು ದಾಟಿದ ಮೇಲೆ ಯಂತ್ರ ಬಲಕ್ಕೆ ತಿರುಗೆಂದಿತು, ತಿರುಗಿದೆ. ಸ್ವಲ್ಪ ದೂರ ಬಂಡಿಜಾಡು ಇತ್ತು. ಆಮೇಲೆ ಒಂದು ಬದು. ಬದುವಿನಾಚೆ ಎರೆ ಹೊಲ, ಹೊಲದ ತುಂಬ ಗೇಣುದ್ದದ ಹಸಿರು ಸಾಲು. ಯಂತ್ರದಲ್ಲಿ ಮಾತ್ರ ನೇರಳೆ ಗೆರೆ ಹೊಲದ ನಡುವೆಯೇ ಹಾದುಹೋಗಿತ್ತು, ಅದರ ಮೇಲೆ ನನ್ನ ಗುರುತಿನ ಬಾಣ ನಿಶ್ಚಿಂತೆಯಾಗಿ ನಿಂತಿತ್ತು. ಬೆಳೆ ತುಳಿಯಬಾರದೆಂದು ಬದುವಿನ ಗುಂಟ ಸೈಕಲ್ ನೂಕಿದೆ. ಹತ್ತು ಮಾರು ಹೋಗುವಷ್ಟರಲ್ಲಿ ಎರೆಮಣ್ಣು ಗಾಲಿಗೆ ಮೆತ್ತಿ, ಬ್ರೇಕಿಗೆ ತುಂಬಿ, ಗಾಲಿ ತಿರುಗುವುದನ್ನೇ ಬಿಟ್ಟಿತು. ಸೈಕಲನ್ನು ಹೆಗಲಿಗೇರಿಸಿದೆ. ಒಂದೊಂದು ಬೂಟು ಒಂದೊಂದು ಕೊಡದ ಭಾರವಾಯಿತು. ಈ ಗೆರೆ ಎಳೆದವನನ್ನು ಕಲ್ಪಿಸಿಕೊಂಡೆ: ಮಣ್ಣು ಕಾಣದವನು, ತಣ್ಣನೆಯ ಕೋಣೆಯಲ್ಲಿ ಕುಳಿತವನು, ತನಗೆಲ್ಲ ಗೊತ್ತಿದೆಯೆಂಬ ಜಂಭದವನು. ಸಿಕ್ಕರೆ ಇದೇ ಹೊಲದಲ್ಲಿ ಅವನಿಂದ ಸೈಕಲ್ ಹೊರಿಸದೆ ಬಿಡಬಾರದು ಎಂದು ಪ್ರತಿಜ್ಞೆ ಮಾಡಿದೆ.

ಬದುವಿನ ಕೊನೆಯಲ್ಲಿ ಟ್ರ್ಯಾಕ್ಟರ್ ನಿಲ್ಲಿಸಿಕೊಂಡು ಬೇವಿನ ಗಿಡದ ಕೆಳಗೆ ಬುತ್ತಿ ಬಿಚ್ಚುತ್ತಿದ್ದವರು ಹೊಲದ ಯಜಮಾನ ದಸ್ತಗೀರಸಾಬರು.

"ಯಾಕ್ರಿ ಸರ, ಸೈಕಲ್ಲಿಗೆ ಆರಾಮಿಲ್ಲೇನ್ರಿ, ಹೊತ್ಕೊಂಡು ಹೊಂಟೀರಿ?" ಎಂದರು.

"ತೊರಗಲ್ಲಿಗೆ ದಾರಿ ಇದೇ ಅಲ್ಲೇನ್ರಿ?"

"ಹೌದ್ರಿ, ಇದೇ ದಾರಿ."

ನನ್ನ ಎದೆ ಉಬ್ಬಿತು. "ಮತ್ತ ದಾರಿ ಎಲ್ಲೈತ್ರಿ?"

"ಬೆಳಿ ಬುಡಕೈತ್ರಿ," ಎಂದರು ರೊಟ್ಟಿ ಮುರಿಯುತ್ತ. "ಸುಗ್ಗಿ ಮುಗದ ಮ್ಯಾಲೆ ಬರ್ರಿ. ಬಂಡಿ, ಟ್ರ್ಯಾಕ್ಟರ್, ಮದಿವಿ ದಿಬ್ಬಣ ಎಲ್ಲಾ ಇದರಾಗ ಹೊಕ್ಕಾವು. ಮಳಿ ಆತಂದ್ರ ಹೆಸರು ಬಿತ್ತತೇವಿ. ನೀವು ಬರತೀರಂತ ಹೊಲಾ ಪಡಾ ಬಿಡಾಕ ಬರತೈತೇನ್ರಿ?"

ಬೇಸಿಗೆಯಲ್ಲಿ ಇದ್ದು ಮಳೆಗಾಲದಲ್ಲಿ ಇಲ್ಲದಿರುವ ರಸ್ತೆಯ ಬಗ್ಗೆ ನನ್ನ ತರ್ಕಶಾಸ್ತ್ರದಲ್ಲಿ ಏನೂ ಹೇಳಿಲ್ಲ. ದಸ್ತಗೀರಸಾಬರು ಅರ್ಧ ರೊಟ್ಟಿ ನನ್ನ ಕೈಗಿಟ್ಟು, ಸೈಕಲ್ಲನ್ನೂ ನನ್ನನ್ನೂ ಟ್ರಾಲಿಗೆ ಹಾಕಿಕೊಂಡು ಸುತ್ತಿನ ಡಾಂಬರು ರಸ್ತೆ ಹಿಡಿದರು. ಹೊಲದಲ್ಲಿ ಸುಮ್ಮನಿದ್ದ ಯಂತ್ರ ಆಗ ಕೂಗಲು ಶುರುಮಾಡಿತು.

"ಅದ್ಯಾಕ್ರಿ ಸರ ಒಂದೇ ಸವನ ಒದರಾಕ ಹತ್ತೇತಿ?"

"ದಾರಿ ತಪ್ಪೇವಂತ್ರಿ."

"ಯಾರು, ನಾನಾ?" ಎಂದು ಟ್ರ್ಯಾಕ್ಟರ್ ನಿಧಾನ ಮಾಡಿ ಹಿಂದೆ ತಿರುಗಿ ನೋಡಿದರು. "ಅದಕ್ಕ ಹೇಳ್ರಿ, ನಾ ಹುಟ್ಟಿದ್ದು ಇಲ್ಲೇ ಅಂತ."

ಅಕ್ಕನ ಮನೆಯ ಮುಂದೆ ಟ್ರಾಲಿಯಿಂದ ಇಳಿದಾಗ ಸುಮಂಗಲಾ ಹೊಸ್ತಿಲಲ್ಲಿದ್ದಳು. ಮೊಳಕಾಲಿನವರೆಗೆ ಮಣ್ಣು ಮೆತ್ತಿದ್ದ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಬಿತ್ತಿಗಿ ಮುಗಿಸಿ ಬಂದ್ರೇನ್ರಿ?" ಎಂದಳು. ಊಟಕ್ಕೆ ಕುಳಿತಾಗ ನಾನು ವಾದ ಹೂಡಿದೆ. ದಾರಿ ಬೇಸಿಗೆಯಲ್ಲಿ ಇರುವುದು ನಿಜ. ತಪ್ಪಾಗಿದ್ದರೆ ಅದು ನನ್ನ ನೆನಪಿನ ತಪ್ಪಲ್ಲ, ನಕ್ಷೆ ಬರೆದವನದು. ಅದೂ ಅಲ್ಲದೆ ನನ್ನ ಹಾಗೆಯೇ ಇನ್ನೊಬ್ಬನಿಗೂ ಈ ದಾರಿ ನೆನಪಿದೆಯೆಂದರೆ ನನ್ನ ನೆನಪು ಗಟ್ಟಿ ಎಂದಾಯಿತು. ಎರಡು ಸಾಕ್ಷಿ! ಗೆರೆ ಎಳೆದವನಿಂದ ಸೈಕಲ್ ಹೊರಿಸುವ ಪ್ರತಿಜ್ಞೆಯನ್ನೂ ಎಲ್ಲರೆದುರು ಮತ್ತೊಮ್ಮೆ ಘೋಷಿಸಿದೆ.

ಸುಮಂಗಲಾ ನನ್ನ ತಾಟಿಗೆ ತುಪ್ಪ ಬಡಿಸುತ್ತ, "ಆತು. ಆ ಇನ್ನೊಬ್ಬಾಂವ ಯಾರು ಅಂತ ತೋರಸ್ರಿ. ತೋರಿಸಿದ್ರ ಸೈಕಲ್ ನಿಮ್ದು," ಎಂದಳು. ಇಷ್ಟು ಸುಲಭವಾಗಿ ಗೆಲ್ಲುತ್ತೇನೆ ಎಂದುಕೊಂಡಿರಲಿಲ್ಲ. ಮುಕ್ತ ನಕ್ಷೆಯಲ್ಲಿ ಯಾವ ಗೆರೆಯನ್ನು ಯಾರು, ಯಾವಾಗ ಎಳೆದರು ಎಂಬುದೆಲ್ಲ ದಾಖಲಾಗಿರುತ್ತದೆ.

ಮರುದಿನ ಬೈಲಹೊಂಗಲದಲ್ಲಿ ಕಂಪ್ಯೂಟರ್ ಮುಂದೆ ಕುಳಿತೆ. ಮೊದಲು ಆ ಮಹಾನುಭಾವನಿಗೆ ಒಂದು ಪತ್ರ ಬರೆದಿಟ್ಟುಕೊಂಡೆ. ಪತ್ರ ಸೊಗಸಾಗಿತ್ತು: 'ಕುರ್ಚಿಯಲ್ಲಿ ಕುಳಿತು, ಕಣ್ಣಿಂದ ನೋಡದೆ, ಪರರ ಕಾಲಿಗೆ ಮಣ್ಣು ಮೆತ್ತಿಸುವ ತಮ್ಮಂಥ ಅರೆಬರೆ ಕಲಿತವರಿಂದಲೇ ದೇಶ ಈ ಗತಿಗೆ ಬಂದಿದೆ' ಎಂದು ಶುರುವಾಗುತ್ತಿತ್ತು. ಆಮೇಲೆ ಆ ದಾರಿಯ ಮೇಲೆ ಒತ್ತಿ ಅದರ ಇತಿಹಾಸ ತೆರೆದೆ. ಒಂದೇ ಹೆಸರು ಇತ್ತು. ಎರಡು ವರ್ಷದ ಹಿಂದಿನ ರಜೆಯ ತಾರೀಖು. ಆ ಹೆಸರು ನಕ್ಷೆ ತಿದ್ದಲು ಕೂತಾಗ ನಾನೇ ನನಗಾಗಿ ಆರಿಸಿಕೊಂಡದ್ದು. ಆಧಾರ ಏನೆಂದು ಕೇಳುವ ಜಾಗದಲ್ಲಿ 'ಸ್ವಂತ ನೆನಪು, ಖಚಿತ' ಎಂದು ಬರೆದಿತ್ತು.

ಬರೆದಿಟ್ಟ ಪತ್ರವನ್ನು ಅಳಿಸಿದೆ. ಸುಮಂಗಲಾ ಚಹಾ ತಂದಿಟ್ಟು ಕೇಳಿದಳು.

"ಸಿಕ್ಕಾನೇನ್ರಿ ಆ ಮನಶ್ಯಾ?"

"ಸಿಕ್ಕಾನ."

"ಎಂಥಾಂವ?"

"ಯೂನಿವರ್ಸಿಟಿ ಕಲ್ತಾಂವ."

ಅವಳು ಪರದೆಯ ಕಡೆಗೊಮ್ಮೆ, ನನ್ನ ಕಡೆಗೊಮ್ಮೆ ನೋಡಿದಳು. "ಸಿಕ್ರ ಸೈಕಲ್ ಹೊರಸ್ತೇನಿ ಅಂದಿದ್ರಿ?"

"ಹೊರಸಿ ಆತು," ಎಂದೆ.

ಈಗ ಸೈಕಲ್ ಅಟ್ಟದ ಮೇಲಿದೆ. ನಕ್ಷೆಯಲ್ಲಿ ಆ ದಾರಿಯನ್ನು ನಾನು ಅಳಿಸಿಲ್ಲ. 'ಸುಗ್ಗಿಯ ನಂತರ ಮಾತ್ರ, ಆಧಾರ ದಸ್ತಗೀರಸಾಬರು' ಎಂದು ಸೇರಿಸಿದ್ದೇನೆ. ದಿನಾಲೂ ಮುಂಜಾನೆ ಸ್ಕೂಟಿಯ ಹಿಂದೆ ಚೀಲ ತಬ್ಬಿಕೊಂಡು ಕೂರುತ್ತೇನೆ, ವಿದ್ಯಾರ್ಥಿಗಳು ಬಹಳ ಭಕ್ತಿಯಿಂದ ನಮಸ್ಕಾರ ಮಾಡುತ್ತಾರೆ. ಕಾಲೇಜಿಗೆ ತಿರುಗುವ ಸರ್ಕಲ್ಲಿನಲ್ಲಿ ಸುಮಂಗಲಾ ಬೇಕಂತಲೇ ಗಾಡಿ ನಿಧಾನ ಮಾಡಿ, "ಎಡಕ್ಕೇನ್ರಿ, ಬಲಕ್ಕೇನ್ರಿ?" ಎಂದು ಕೇಳುತ್ತಾಳೆ. ಇಪ್ಪತ್ತೈದು ವರ್ಷ ತುಳಿದ ದಾರಿ ಅದು. ಬಲಕ್ಕೆ ಎಂದು ನನಗೆ ಚೆನ್ನಾಗಿ ಗೊತ್ತು. ಆದರೂ ಬಾಯಿ ಬಿಡುವ ಮೊದಲು, ಯಾರಾದರೂ ವಿದ್ಯಾರ್ಥಿ ಬಲಕ್ಕೆ ತಿರುಗುತ್ತಾನೇನೋ ಎಂದು ಒಂದು ಗಳಿಗೆ ಕಾಯುತ್ತೇನೆ.